ಬಸಳೆ ಪಾತಿಗೆ ಹಸಿ ಸಗಣಿ ಹಾಕಿದಾಗ ಬರುವ ಹುಳುಗಳು

ಅಂಕೋಲೆಯ ತಮ್ಮ ಹಿತ್ತಿಲಿನಲ್ಲಿ ಬಸಳೆ, ಬೆಂಡೆಗಳ ಬುಡಕ್ಕೆ ಸಗಣಿ ಹಾಕಿದ ಮೇಲೆ ನೊಣಗಳೂ ದಪ್ಪ ಬಿಳಿ ಹುಳುಗಳೂ ಕಾಣಿಸಿಕೊಂಡಿವೆ, ಏನು ಮಾಡಬೇಕು ಎಂದು ಒಬ್ಬರು ಕೇಳಿದ್ದಾರೆ. ಇದಕ್ಕೆ ಬಹುಮಟ್ಟಿಗೆ ಆ ಸಗಣಿ ಕಳಿಯದೆ ಹಸಿಯಾಗಿದ್ದುದೇ ಕಾರಣ. ಅದರ ತೇವಕ್ಕೂ ವಾಸನೆಗೂ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಸೆಕೆಗಾಲದಲ್ಲಿ ಮೊಟ್ಟೆಯಿಂದ ನೊಣವಾಗಲು 7ರಿಂದ 10 ದಿನಗಳು ಸಾಕು.

ಮೊದಲು ಪ್ರತಿ ಗಿಡದ ಸುತ್ತ ಒಂದು ಗೇಣಿನಷ್ಟು ಜಾಗದ ಸಗಣಿಯನ್ನು ಬೇರಿಗೆ ಪೆಟ್ಟಾಗದಂತೆ ಕೆರೆದು ತೆಗೆಯಿರಿ. ಆಗ ಸಿಗುವ, ಅರ್ಧಚಂದ್ರದಂತೆ ಬಾಗಿದ ಹುಳುಗಳು ಕುರುವಾಯಿ ದುಂಬಿಯ ಮರಿಗಳಾಗಿರಬಹುದು. ಅವು ಕೊಳೆತ ಗೊಬ್ಬರವನ್ನು ತಿಂದು ಬೆಳೆಯುವುದರಿಂದ ತರಕಾರಿಗೆ ಅಷ್ಟು ಅಪಾಯವಿಲ್ಲ, ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿಯನ್ನು ಕೊರೆಯುತ್ತವೆ; ಆದ್ದರಿಂದ ಒಂದನ್ನೂ ಬಿಡದೆ ಆರಿಸಿ ಕೋಳಿಗೆ ಹಾಕಿರಿ. ಗಿಡವೇ ಬಾಡುತ್ತಿದ್ದರೆ ಒಂದನ್ನು ಕಿತ್ತು ನೋಡಿರಿ. ಬೇರು ಕಡಿದಂತಿದ್ದರೆ ಅಲ್ಲಿರುವುದು ಬೇರುಹುಳವಾಗಿರುವ ಸಾಧ್ಯತೆ ಹೆಚ್ಚು. ಆಗ ಪಾತಿಯ ಮಣ್ಣನ್ನೂ ಕೆದಕಿ ಹುಳು ಆರಿಸಿ, ಬೇವಿನ ಹಿಂಡಿಯನ್ನು ಬೆರೆಸಬೇಕು.

ತೆಗೆದ ಸಗಣಿಯನ್ನು ನೆರಳಿನ ಗುಂಡಿಯಲ್ಲಿ ದರಕಿನೊಡನೆ (ಒಣಗಿದ ಎಲೆಗಳೊಡನೆ) ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿರಿ. ಹದಿನೈದು ದಿನಗಳಿಗೊಮ್ಮೆ ಮಗುಚುವುದು ಬಹಳ ಮುಖ್ಯ, ಏಕೆಂದರೆ ಒಳಗಿನ ಕಾವು ಎಲ್ಲ ಕಡೆಗೂ ತಲುಪಿದರೆ ನೊಣದ ಮರಿಗಳು ಉಳಿಯುವುದಿಲ್ಲ, ದುಂಬಿಯ ಮರಿಗಳೂ ಕಣ್ಣಿಗೆ ಬೀಳುತ್ತವೆ. ನಮ್ಮ ಕರಾವಳಿಯ ಮಳೆಗೆ ಗೊಬ್ಬರದ ಸಾರ ತೊಳೆದುಹೋಗದಂತೆ ಗುಂಡಿಯ ಮೇಲೆ ಮಾಡು (ಚಪ್ಪರದಂಥ ಸೂರು) ಇರಲಿ. ಮೂರು ನಾಲ್ಕು ತಿಂಗಳಲ್ಲಿ ವಾಸನೆ ಹೋಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಗೊಬ್ಬರ ಸಿಗುತ್ತದೆ. ಅದನ್ನು ಮಾತ್ರ ಪಾತಿಗೆ ಹಾಕಿರಿ. ಬಸಳೆಯ ಸೊಪ್ಪನ್ನು ಆಗಾಗ ಕೊಯ್ದು ತಿನ್ನುವುದರಿಂದ ಕೀಟನಾಶಕವನ್ನು ದಯವಿಟ್ಟು ಸಿಂಪಡಿಸಬೇಡಿರಿ.