ಬಳ್ಳಾರಿ ಬಿಸಿಲಿಗೆ ಆರ್ಕಿಡ್ ಒಗ್ಗಿಸೋದು ಹೇಗೆ?

ಹಾಲ್‌ನಲ್ಲಿರುವ ಎರಡು ಫಲನಾಪ್ಸಿಸ್, ಒಂದು ಡೆಂಡ್ರೋಬಿಯಂ ಆರ್ಕಿಡ್ ಹೂ ಬಿಡ್ತಿಲ್ಲ, ಮಾಳಿಗೆಗೆ ಸಾಗಿಸಬೇಕು, ಎಲೆ ಸುಡದ ಹಾಗೆ ಎಷ್ಟು ದಿನದಲ್ಲಿ ಬಿಸಿಲಿಗೆ ಒಗ್ಗಿಸಬಹುದು ಅಂತ ಕೇಳಿದ್ದೀರಿ. ನಾನೂ ಬಳ್ಳಾರಿಯಲ್ಲೇ ಮಾಳಿಗೆ ಮೇಲೆ ಆರ್ಕಿಡ್ ಬೆಳೆಸುತ್ತೇನೆ. ಸಾಮಾನ್ಯವಾಗಿ ಎರಡು ಮೂರು ವಾರ ಅಂತಾರೆ. ಆದರೆ ನಮ್ಮೂರಲ್ಲಿ ದಿನ ಎಣಿಸೋದಕ್ಕಿಂತ ಎಲೆ ಮುಟ್ಟಿ ನೋಡೋದು ಒಳ್ಳೇದು. ಎಲೆ ಸುಡೋದರಲ್ಲಿ ಬೆಳಕಿನಷ್ಟೇ ಪಾಲು ಕಾವಿನದೂ ಇದೆ.

ಯಾಕೆ ಅಂದರೆ, ಹೆಚ್ಚಿನ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರಗಳಿಂದ ಆವಿ ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತವೆ. ಫಲನಾಪ್ಸಿಸ್ ಹಾಗಲ್ಲ. ನೀರು ಉಳಿಸಿಕೊಳ್ಳೋಕೆ ಅದು ಹಗಲು ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ಹಾಗಾಗಿ ಬಿಸಿಲಲ್ಲಿ ಆ ದಪ್ಪ ಎಲೆಯನ್ನು ತಂಪು ಮಾಡೋಕೆ ಗಾಳಿಯೇ ಬೇಕು. ಗಾಳಿ ನಿಂತರೆ ಎಲೆ ಸುತ್ತಲಿನ ಹವೆಗಿಂತ ಜಾಸ್ತಿ ಕಾಯುತ್ತದೆ.

ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಎಲೆ ಬಾಗಿರುವ ಕಡೆ, ಅದರ ಎತ್ತರದ ಜಾಗದಲ್ಲಿ, ಎರಡು ಬೆರಳು ಇಟ್ಟು ನೋಡಿ. ಬಿಸಿಲು ನೇರ ಬೀಳೋದು ಅಲ್ಲೇ, ಮೊದಲು ಸುಡೋದೂ ಅಲ್ಲೇ. ನೆರಳಲ್ಲಿರುವ ಎಲೆಗಿಂತ ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಬಿಸಿ ಅನ್ನಿಸಿದರೆ ಆಗಲೇ ನೆರಳಿಗೆ ಸರಿಸಿ, ಸಂಜೆಗೆ ನೋಡೋಣ ಅನ್ನಬೇಡಿ. ಸುಟ್ಟ ಜಾಗ ಮೊದಲು ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಆಮೇಲೆ ಒಣಗಿ ಕಾಗದದ ಹಾಗೆ ಆಗಿ, ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ. ಆ ಕಲೆ ಮತ್ತೆ ಹಸಿರಾಗಲ್ಲ. ಹಾಗಂತ ಎಲೆ ಕತ್ತರಿಸಬೇಡಿ, ಉಳಿದ ಹಸಿರು ಭಾಗ ಗಿಡಕ್ಕೆ ಊಟ ಮಾಡಿಕೊಡುತ್ತಲೇ ಇರುತ್ತದೆ. ಕಲೆ ಕಪ್ಪಾಗಿ, ಮೆತ್ತಗೆ ನೀರಾಡುತ್ತಾ ಹರಡುತ್ತಿದ್ದರೆ ಮಾತ್ರ ಅದು ಕೊಳೆ ರೋಗ. ಆಗ ಚೆನ್ನಾಗಿರುವ ಭಾಗವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ. ಬೋರ್ ನೀರು ಹಾಕುವವರಾದರೆ ಎಲೆ ಮೇಲಿನ ಉಪ್ಪಿನ ಬಿಳಿ ಕಲೆ ನೋಡಿ ಸುಮ್ನೆ ಗಾಬರಿಯಾಗಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹೋಗುತ್ತದೆ, ಸುಟ್ಟಿದ್ದು ಹೋಗಲ್ಲ.

ಇನ್ನು ಯಾವಾಗ ಸಾಗಿಸಬೇಕು ಅನ್ನೋದು. ಮಾರ್ಚ್‌ನಿಂದ ಮೇವರೆಗೆ ಬೇಡವೇ ಬೇಡ. ನಲವತ್ತು ಡಿಗ್ರಿ ಬಿಸಿಲು, ಒಣ ಗಾಳಿ, ಕಾದ ಮಾಳಿಗೆ ನೆಲ, ಹೊಸ ಗಿಡಕ್ಕೆ ಇದೆಲ್ಲ ಒಟ್ಟಿಗೆ ಬಂದರೆ ತಡೆಯಲ್ಲ. ಜುಲೈ ಒಳ್ಳೆಯ ಕಾಲ, ಮೋಡ ಇರುತ್ತದೆ, ಗಾಳಿಯೂ ಬೀಸುತ್ತದೆ. ನಾಲ್ಕು ದಿನ ಮೋಡ ಇದ್ದು ಇದ್ದಕ್ಕಿದ್ದಂತೆ ಬಿಸಿಲು ಬಿದ್ದ ದಿನ ಮಾತ್ರ ಹುಷಾರು. ನವೆಂಬರ್, ಡಿಸೆಂಬರ್ ಕೂಡ ಆಗುತ್ತದೆ, ಆಗ ಬಿಸಿಲು ಓರೆಯಾಗಿ ಬೀಳುತ್ತದೆ.

ಇಲ್ಲೊಂದು ವಿಷಯ ತುಂಬಾ ಜನರ ಗಮನಕ್ಕೆ ಬರಲ್ಲ. ಬಳ್ಳಾರಿಯಲ್ಲಿ ಮೇ ಶುರುವಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅಂದರೆ ಚಳಿಗಾಲದಲ್ಲಿ ಪೂರ್ತಿ ನೆರಳಿದ್ದ ಉತ್ತರದ ಬಾಲ್ಕನಿಗೆ ಬೇಸಿಗೆಯಲ್ಲಿ ಬಿಸಿಲು ಬರುತ್ತದೆ. ಡಿಸೆಂಬರ್‌ನಲ್ಲಿ ನೋಡಿ ಇಟ್ಟ ಜಾಗವನ್ನು ಏಪ್ರಿಲ್‌ನಲ್ಲಿ ಮತ್ತೆ ನೋಡಲೇಬೇಕು. ಬೇವಿನ ಮರದ ನೆರಳು ನಂಬಿದವರಿಗೂ ಇದೇ ಮಾತು. ಅದು ಎಲೆ ಉದುರಿಸೋದು ಬಿಸಿಲು ಏರುವ ಹೊತ್ತಿಗೇ.

ಸಾಗಿಸುವಾಗ ಮೊದಲ ವಾರ ಹೊರಗೆ, ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಎರಡನೇ ವಾರ ಬೆಳಗಿನ ಎಳೆ ಬಿಸಿಲು ಅರ್ಧ ಗಂಟೆ, ಆಮೇಲೆ ಎಲೆ ಮುಟ್ಟಿ ನೋಡುತ್ತಾ ಹೆಚ್ಚಿಸಿ. ಕುಂಡಕ್ಕೆ ಒಂದು ಗುರುತು ಹಾಕಿ, ದಿನಾ ಅದೇ ಮುಖ ಬಿಸಿಲಿಗೆ ಬರಲಿ. ತಿರುಗಿಸಿ ಇಟ್ಟರೆ ಒಗ್ಗದ ಎಲೆಗೆ ನೇರ ಬಿಸಿಲು ಬೀಳುತ್ತದೆ. ಶೇಡ್ ನೆಟ್ (ನೆರಳಿನ ಬಲೆ) ಡೆಂಡ್ರೋಬಿಯಂಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್‌ನದು ಸಾಕು, ಫಲನಾಪ್ಸಿಸ್‌ಗೆ 75ರದು ಬೇಕು. ನೆಟ್ ಎಲೆಗೆ ತಾಗುವ ಹಾಗೆ ಹೊದಿಸಬೇಡಿ, ಮೂರ್ನಾಲ್ಕು ಅಡಿ ಮೇಲೆ ಕಟ್ಟಿ, ನಡುವೆ ಗಾಳಿ ಆಡಬೇಕು. ಕುಂಡ ನೆಲದ ಮೇಲೆ ಬೇಡ, ಸ್ಟ್ಯಾಂಡ್ ಮೇಲಿರಲಿ. ಪಡುವಣ ಗೋಡೆಯಿಂದಲೂ ದೂರ ಇಡಿ, ಅದು ರಾತ್ರಿವರೆಗೂ ಕಾವು ಬಿಡುತ್ತದೆ.

ಎಲೆಯ ಬಣ್ಣವೂ ನಿಮಗೆ ದಾರಿ ತೋರಿಸುತ್ತದೆ. ಕಡು ಹಸಿರು ಅಂದರೆ ಬೆಳಕು ಸಾಲದು. ತಿಳಿ ಹಸಿರಾದರೆ ಸರಿ. ಅಂಚಿನಲ್ಲಿ ಕೆಂಪು ಛಾಯೆ ಬಂದರೆ ಅದು ಎಲೆ ತಾನೇ ಮಾಡಿಕೊಂಡ ರಕ್ಷಣೆ, ಅಲ್ಲಿಗೆ ನಿಲ್ಲಿಸಿ. ಹಳದಿಗೆ ತಿರುಗಿದರೆ ಬೆಳಕು ಮಿತಿ ಮೀರಿರಬಹುದು. ಹಳೆ ಎಲೆಗಳು ಒಂದು ಹಂತದವರೆಗೆ ಮಾತ್ರ ಒಗ್ಗುತ್ತವೆ. ಹೊರಗಿನ ಬೆಳಕಲ್ಲೇ ಹುಟ್ಟಿದ ಹೊಸ ಎಲೆ ಗಟ್ಟಿಯಾಗಿ ಬರುತ್ತದೆ. ಅದು ಬರುವವರೆಗೆ ಅವಸರ ಬೇಡ.

ಕೊನೆಗೆ ಹೂವಿನ ವಿಷಯ. ಮೊದಲು ಡೆಂಡ್ರೋಬಿಯಂ ಒಂದನ್ನೇ ಮೇಲೆ ಒಯ್ಯಿರಿ, ಅದಕ್ಕೆ ಬೆಳಕು ಜಾಸ್ತಿ ಬೇಕು. ಫಲನಾಪ್ಸಿಸ್‌ಗೆ ಮಾಳಿಗೆಯೇ ಬೇಕಾಗಿಲ್ಲ. ಅದಕ್ಕೆ ಹೂವಿನ ದಂಟು ಬರಬೇಕಾದರೆ ಕೆಲವು ವಾರ 25 ಡಿಗ್ರಿಗಿಂತ ಕಡಿಮೆ ತಂಪು ಸಿಗಬೇಕು. ಪೂರ್ವದ ಕಿಟಕಿಯಲ್ಲಿಟ್ಟು, ನವೆಂಬರ್‌ನಿಂದ ಜನವರಿವರೆಗೆ ರಾತ್ರಿ ಆ ಕಿಟಕಿ ತೆರೆದಿಡಿ.