ನಡು ಬೆಳಕು, ಮೂಲೆ ಮಂಕು: ತಪ್ಪು ಲೇಸರಿನದೋ, ಪರದೆಯದೋ?

ಮಳೆ ಬಿಟ್ಟು ಶಾಲಾ ವಾರ್ಷಿಕೋತ್ಸವ, ಬ್ರಹ್ಮಕಲಶೋತ್ಸವಗಳು ಶುರುವಾದವೆಂದರೆ ಪ್ರೊಜೆಕ್ಟರಿನ ದೂರುಗಳೂ ಶುರು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಈ ಸಲ ಅದೊಂದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಉಳಿದವರು ಮುನಿಸಿಕೊಳ್ಳಬಾರದು.

ಪ್ರಶ್ನೆ: ನಮ್ಮ ಶಾಲೆಯ ಸಭಾಂಗಣಕ್ಕೆ ಹೊಸ ಲೇಸರ್ ಪ್ರೊಜೆಕ್ಟರ್ ಬಂದಿದೆ. ದಾನಿಗಳೊಬ್ಬರು ಹೊಳೆಯುವ ಬೆಳ್ಳಿ ಪರದೆಯನ್ನೂ ಕೊಟ್ಟಿದ್ದಾರೆ. ಬಿಳಿ ಚಿತ್ರ ಹಾಕಿದರೆ ನಡುಭಾಗ ಝಗಝಗಿಸುತ್ತದೆ, ನಾಲ್ಕೂ ಮೂಲೆ ಮಂಕು. ‘ಲೇಸರ್ ಎಂದರೆ ಎಲ್ಲ ಕಡೆ ಸಮಾನ ಬೆಳಕು, ಹೀಗಾಗಲು ಸಾಧ್ಯವೇ ಇಲ್ಲ. ಒಳಗಿನ ಲೈಟ್ ಟನಲ್ ಜಾರಿದೆ, ಬಿಚ್ಚಬೇಕು’ ಎಂದು ರಿಪೇರಿಯವರು ಹೇಳುತ್ತಾರೆ. ಬಿಚ್ಚಿಸಬಹುದೇ? (ಅಧ್ಯಾಪಕರು, ಬದಿಯಡ್ಕ ಸಮೀಪ)

ಉತ್ತರ: ಬಿಚ್ಚಿಸಬೇಡಿ. ಆ ರಿಪೇರಿಯವರ ಮೊದಲ ಮಾತೇ ತಲೆಕೆಳಗು. ಲೇಸರ್ ಕಿರಣ ಹುಟ್ಟಿನಿಂದಲೇ ಅಸಮ. ನಡುವಿನಲ್ಲಿ ತೀವ್ರತೆ ಗರಿಷ್ಠ, ಅಂಚಿಗೆ ಸರಿದಂತೆ ಇಳಿಯುತ್ತದೆ. ಕಿರಣದ ಅಂಚೆಂದು ನಾವು ಲೆಕ್ಕಕ್ಕೆ ಹಿಡಿಯುವ ಜಾಗದಲ್ಲಿ ಉಳಿಯುವುದು ನಡುವಿನ ಶೇಕಡಾ 13.5 ಮಾತ್ರ. ಸಾಲದ್ದಕ್ಕೆ ಒಳಗಿರುವುದು ಒಂದೇ ಕಿರಣವಲ್ಲ. ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಡಯೋಡುಗಳು ಸಾಲುಗಟ್ಟಿ ಕುಳಿತಿರುತ್ತವೆ, ಒಂದೊಂದರ ಬೆಳಕೂ ನೀಳವಾದ ಅಂಡಾಕಾರ. ಹಾಗೆಯೇ ಬಿಟ್ಟರೆ ಸಿಗುವುದು ಚುಕ್ಕೆಗಳ ರಾಶಿ. ಅದನ್ನು ಅಳಿಸಿ, ಚಿತ್ರ ಮೂಡಿಸುವ ಆಯತಾಕಾರದ ಚಿಪ್ ಮೇಲೆ ಸಮನಾಗಿ ಹರಡುವುದಕ್ಕೇ ಅಷ್ಟೊಂದು ಗಾಜು, ಕನ್ನಡಿ.

ಲೈಟ್ ಟನಲ್ ಅಂದರೆ ನಾಲ್ಕು ಕನ್ನಡಿ ಪಟ್ಟಿಗಳನ್ನು ಒಳಮುಖವಾಗಿ ಅಂಟಿಸಿದ ಕೊಳವೆ. ಅದರ ಬಾಯಿಯ ಉದ್ದಗಲದ ಅನುಪಾತ ಚಿಪ್‌ನದೇ. ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳಲ್ಲಿ ಒಂದು ದೀಪ ಹತ್ತಾಗಿ ಕಾಣುವಂತೆ, ಕೊಳವೆಯ ಆಚೆ ತುದಿಯಿಂದ ನೋಡಿದರೆ ಬೆಳಕಿನ ಮೂಲವೊಂದು ಹಲವಾಗುತ್ತದೆ. ಆ ಹಲವುಗಳ ಬೆಳಕು ಒಂದರ ಮೇಲೊಂದು ಬಿದ್ದು ಏರಿಳಿತ ಮಾಯುತ್ತದೆ.

ಲೇಸರ್ ತಕರಾರು ತೆಗೆಯುವುದು ಇಲ್ಲಿಯೇ. ಹಳೆಯ ಲ್ಯಾಂಪಿನ ಬೆಳಕು ಅಗಲ ಕೋನದಲ್ಲಿ ನುಗ್ಗುತ್ತಿತ್ತು. 6 ಮಿಲಿಮೀಟರ್ ಅಗಲದ ಟೊಳ್ಳು ಕೊಳವೆಯಲ್ಲಿ 30 ಡಿಗ್ರಿ ಓರೆಯ ಕಿರಣ ನಾಲ್ಕು ಸಲ ಅಡ್ಡ ಹಾಯಲು ಸುಮಾರು 42 ಮಿಲಿಮೀಟರ್ ಉದ್ದ ಸಾಕು. ಲೇಸರ್ ಕಿರಣ ಬಹುಮಟ್ಟಿಗೆ ನೇರ. ಓರೆ 3 ಡಿಗ್ರಿ ಎಂದಿಟ್ಟುಕೊಂಡರೆ ಅದೇ ನಾಲ್ಕು ಸಲಕ್ಕೆ 458 ಮಿಲಿಮೀಟರ್, ಅಂದರೆ ಒಂದು ಮೊಳ ಉದ್ದದ ಕೊಳವೆ ಬೇಕು! ಅದಕ್ಕೇ ಕೊಳವೆಯ ಮುಂದೆ ಲೆನ್ಸ್ ಇಟ್ಟು, ಬೆಳಕನ್ನು ಚದುರಿಸುವ ಡಿಫ್ಯೂಸರ್ ಇಟ್ಟು ಕೋನವನ್ನು ಬೇಕೆಂದೇ ಹಿಗ್ಗಿಸುತ್ತಾರೆ. ಅತಿಯಾಗಿ ಹಿಗ್ಗಿಸಿದರೆ ಮುಂದಿನ ಲೆನ್ಸಿಗೆ ಹಿಡಿಯಲಾಗದ ಬೆಳಕು ಒಳಗೇ ಶಾಖವಾಗಿ ಕಳೆದುಹೋಗುತ್ತದೆ. ಸಮತೆ ಹೆಚ್ಚಿಸಿದಷ್ಟೂ ಪ್ರಖರತೆ ಬಿಟ್ಟುಕೊಡಬೇಕು. ಜಾಹೀರಾತಿನಲ್ಲಿ ಮಾರಾಟವಾಗುವುದು ಪ್ರಖರತೆ, ಆದ್ದರಿಂದ ಚೌಕಾಸಿಯಲ್ಲಿ ಸೋಲುವುದು ಮೂಲೆಗಳು.

ಇನ್ನು ಮೂರು ಎಲ್‌ಸಿಡಿ ಫಲಕಗಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಟನಲ್ಲೇ ಇರುವುದಿಲ್ಲ. ಪುಟ್ಟ ಲೆನ್ಸುಗಳನ್ನು ಒತ್ತೊತ್ತಾಗಿ ಜೋಡಿಸಿದ ಎರಡು ಹಾಳೆಗಳಿರುತ್ತವೆ. ಮೊದಲನೆಯದು ಕಿರಣವನ್ನು ಹತ್ತಾರು ತುಂಡು ಮಾಡುತ್ತದೆ, ಎರಡನೆಯದರ ನೆರವಿನಿಂದ ಪ್ರತಿ ತುಂಡೂ ಇಡೀ ಫಲಕದ ಮೇಲೆ ಹರಡುತ್ತದೆ. ನಿಮ್ಮ ಯಂತ್ರ ಯಾವ ಬಗೆಯದೆಂದು ಕೇಳದೆಯೇ ‘ಟನಲ್ ಜಾರಿದೆ’ ಎಂದವರು ಇಲ್ಲದ ಅಂಗಕ್ಕೆ ಶಸ್ತ್ರಚಿಕಿತ್ಸೆ ಮಾಡಲು ಹೊರಟಿರಬಹುದು.

ಟನಲ್ ಜಾರುವುದು ಸುಳ್ಳಲ್ಲ, ಶಾಖಕ್ಕೆ ಅಂಟು ಬಿಟ್ಟು ಜಾರುವುದುಂಟು. ಆದರೆ ಆಗ ಚಿತ್ರದ ಒಂದು ಬದಿಯಲ್ಲಿ ಗೆರೆ ಎಳೆದಂತಹ ನೇರ ಅಂಚಿನ ಕಪ್ಪು ಪಟ್ಟಿ ಕಾಣಿಸುತ್ತದೆ. ನಾಲ್ಕೂ ಮೂಲೆಗೆ ಸಮನಾಗಿ, ಮೆಲ್ಲಗೆ ಬೆಳಕು ಇಳಿಯುವುದಕ್ಕೆ ಅದು ಕಾರಣವಲ್ಲ. ನನಗೆ ಅನುಮಾನ ಆ ದಾನದ ಪರದೆಯ ಮೇಲೆ. ಬೆಳ್ಳಿ ಪರದೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲದೆ ಕೆಲವೇ ದಿಕ್ಕಿಗೆ ಹೆಚ್ಚು ಎಸೆಯುತ್ತದೆ. ಸಭಾಂಗಣದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಿರಿ. ಹೊಳೆಯುವ ಭಾಗ ನಿಮ್ಮ ಜೊತೆಗೇ ಸರಿದರೆ ತಪ್ಪು ಪರದೆಯದು. ಗೋಡೆಗೆ ಅಂಟಿದಂತೆ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಯಂತ್ರವಾದರೆ ಬೆಳ್ಳಿ ಪರದೆಯ ಆಸೆಯನ್ನೇ ಬಿಡಿ. ದಾನಿಗಳಿಗೆ ಬೇಸರವಾಗುತ್ತದೆಂದು ಅದನ್ನೇ ತೂಗಿಹಾಕಿ ಮಕ್ಕಳ ಕಣ್ಣು ನೋಯಿಸಬೇಡಿ.

ಖಾತ್ರಿಯಾಗಬೇಕಿದ್ದರೆ ಇಸ್ತ್ರಿ ಹಾಕಿದ ಡಬಲ್ ಮುಂಡನ್ನು ಸುಕ್ಕಿಲ್ಲದೆ ಬಿಗಿದು, ಅದರ ಮೇಲೆ ಅಷ್ಟೇ ಅಗಲಕ್ಕೆ ಬಿಳಿ ಚಿತ್ರ ಬಿಡಿ. ಚಿತ್ರವನ್ನು ಮೂರು ಅಡ್ಡ, ಮೂರು ಉದ್ದ, ಒಟ್ಟು ಒಂಬತ್ತು ಮನೆ ಎಂದು ಭಾವಿಸಿ, ಪ್ರತಿ ಮನೆಯ ನಡುವೆ ಬೆಳಕು ಅಳೆಯುವ ಲಕ್ಸ್ ಮೀಟರನ್ನು ಪ್ರೊಜೆಕ್ಟರಿಗೆ ಮುಖಮಾಡಿ ಹಿಡಿಯಿರಿ. ಹೋಲಿಕೆಗಾದರೆ ಮೊಬೈಲ್ ಆ್ಯಪ್ ಕೂಡ ನಡೆಯುತ್ತದೆ, ಲುಮೆನ್, ಅಂದರೆ ಯಂತ್ರದ ಒಟ್ಟು ಬೆಳಕಿನ, ಲೆಕ್ಕಕ್ಕೆ ಅದನ್ನು ನಂಬಬೇಡಿ. ಮೂಲೆಯಲ್ಲಿ ನಡುವಿನ ಮುಕ್ಕಾಲು ಪಾಲು ಸಿಕ್ಕರೆ ನಾನಾದರೆ ಸುಮ್ಮನಿರುತ್ತೇನೆ. ಅರ್ಧಕ್ಕಿಂತ ಕಡಿಮೆ ಬಂದರೆ, ಇಲ್ಲವೇ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ ಕಂಡರೆ, ಫೋಟೋ ತೆಗೆದು ಕಂಪನಿಗೆ ಬರೆಯಿರಿ. ಫಾಸ್ಫರ್ ಚಕ್ರಕ್ಕೆ ಬಡಿದು ಹಳದಿಯಾದ ಬೆಳಕೂ ನೀಲಿಯಾಗಿಯೇ ಉಳಿದ ಬೆಳಕೂ ಒಳಗೆ ಸರಿಯಾಗಿ ಕೂಡುತ್ತಿಲ್ಲ ಎಂದು ಅದರ ಅರ್ಥ. ವಾರಂಟಿ ಇರುವಾಗ ಊರಿನ ಸ್ಕ್ರೂಡ್ರೈವರ್ ಯಾಕೆ?

ಪ್ರಶ್ನೆ: ಲೆನ್ಸಿನ ಮುಂದೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಸಮನಾಗುತ್ತದಂತೆ, ಹೌದೇ? (ಕುಂಬಳೆ)

ಉತ್ತರ: ಸಮನಾಗುತ್ತದೆ, ಚಿತ್ರ ಕಾಣುವುದಿಲ್ಲ. ಡಿಫ್ಯೂಸರಿನ ಜಾಗ ಬೆಳಕು ಚಿಪ್ ಮುಟ್ಟುವ ಮೊದಲಿನ ದಾರಿಯಲ್ಲಿ, ಲೆನ್ಸಿನ ಮುಂದಲ್ಲ.

ಪ್ರಶ್ನೆ: ಬಿಳಿ ಭಾಗದಲ್ಲಿ ಸಣ್ಣ ಕಾಳಿನಂತಹ ಮಿನುಗು ಕಾಣುತ್ತದೆ. ಇದೂ ಅಸಮ ಬೆಳಕೇ? (ಉಪ್ಪಳ)

ಉತ್ತರ: ಅಲ್ಲ, ಇದು ಸ್ಪೆಕಲ್. ಪರದೆಯ ಒರಟಿನಿಂದ ಚದುರಿದ ಲೇಸರ್ ಅಲೆಗಳು ಒಂದಕ್ಕೊಂದು ಸೇರಿ, ಕಳೆದು ಮೂಡಿಸುವ ಚುಕ್ಕೆಗಳು. ಒಳಗೆ ತಿರುಗುವ ಡಿಫ್ಯೂಸರ್ ಇರುವುದು ಇದನ್ನು ತಗ್ಗಿಸಲು. ಕೆಂಪು, ಹಸಿರು, ನೀಲಿ ಮೂರೂ ಲೇಸರಿನ ಯಂತ್ರಗಳಲ್ಲಿ ಹೆಚ್ಚು, ಫಾಸ್ಫರ್ ಯಂತ್ರಗಳಲ್ಲಿ ಕಡಿಮೆ. ಬೆಳ್ಳಿ ಪರದೆ ಇದನ್ನೂ ಎದ್ದು ಕಾಣಿಸುತ್ತದೆ.

ಪ್ರಶ್ನೆ: ಆರು ಸಾವಿರ ರೂಪಾಯಿಗೆ ಒಂಬತ್ತು ಸಾವಿರ ಲುಮೆನ್ ಪ್ರೊಜೆಕ್ಟರ್ ಆನ್‌ಲೈನಿನಲ್ಲಿದೆ. ಕೊಳ್ಳಲೇ? (ಪೆರ್ಲ)

ಉತ್ತರ: ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳುಹಿಸಬೇಡಿ.

ಪ್ರಶ್ನೆ: 20,000 ಗಂಟೆ ಬಾಳಿಕೆ ಎಂದರೆ ಅಲ್ಲಿಯವರೆಗೆ ಬೆಳಕು ಕುಗ್ಗುವುದಿಲ್ಲವೇ? (ಕಾಸರಗೋಡು)

ಉತ್ತರ: ಮೊದಲ ದಿನದಿಂದಲೇ ಕುಗ್ಗುತ್ತದೆ. ಸಾಮಾನ್ಯವಾಗಿ ಆ ಅಂಕಿ ಬೆಳಕು ಅರ್ಧಕ್ಕಿಳಿಯುವ ಹೊತ್ತಿನದು.

ಪ್ರಶ್ನೆ: ಮಳೆಗಾಲದಲ್ಲಿ ಒಳಗೆ ಬೂಷ್ಟು ಬಂದಿದೆ. ಸ್ಪಿರಿಟ್ ಹಾಕಿ ನಾನೇ ಒರೆಸಬಹುದೇ? (ಮುಳ್ಳೇರಿಯ)

ಉತ್ತರ: ಮುಂದಿನ ಲೆನ್ಸಿನ ಹೊರಮೈಯನ್ನು ಲೆನ್ಸ್ ಬಟ್ಟೆಯಿಂದ ಒರೆಸಿ, ಗಾಳಿಯ ಫಿಲ್ಟರ್ ತೆಗೆದು ಧೂಳು ಕೊಡವಿ. ಅಲ್ಲಿಗೆ ನಿಲ್ಲಿಸಿ. ಕವಚದೊಳಗಿನ ಕಿರಣ ನಾಲ್ಕನೆಯ, ಅಂದರೆ ಅತಿ ಅಪಾಯದ ವರ್ಗದ ಲೇಸರ್. ರೆಪ್ಪೆ ಮುಚ್ಚುವುದರೊಳಗೆ ಅಕ್ಷಿಪಟಲ ಸುಡುತ್ತದೆ, ಸುಟ್ಟದ್ದು ಮರಳುವುದಿಲ್ಲ. ‘ಮೊನ್ನೆ ಬಿಚ್ಚಿದ್ದೆ, ಏನೂ ಆಗಲಿಲ್ಲ’ ಎನ್ನುವ ರಿಪೇರಿಯವರನ್ನು ಗೇಟಿನಿಂದಲೇ ಕಳುಹಿಸಿ.