ಮುಳ್ಳಯ್ಯನಗಿರಿಯ ಭಾರಕ್ಕೆ ನೆಲ ಬಾಗಿದೆಯೇ?

ಮೂಡಿಗೆರೆಯ ಮಾನ್ಯ ಓದುಗರಿಗೆ ನಮಸ್ಕಾರಗಳು.

ಪರ್ವತಗಳು ನೀರಿನಲ್ಲಿ ತೇಲುವ ಮಂಜುಗಡ್ಡೆಯಂತೆ ಆಳಕ್ಕೆ ಬೇರುಬಿಟ್ಟು ತೇಲುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದುದನ್ನು ಓದಿ ತಾವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಗಟ್ಟಿಯಾದ ಬಂಡೆ ತೇಲುವುದೆಂದರೇನು? ಅದು ನಿಜವಾದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕೆಳಗೂ ಅಂಥ ಬೇರು ಇರಬೇಕಲ್ಲವೇ? ಎರಡನೆಯ ಪ್ರಶ್ನೆ ನಮ್ಮ ಲೇಖನದ ಕೊರತೆಯನ್ನು ಸರಿಯಾಗಿಯೇ ಹಿಡಿದಿದೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಭೂಮಿಯ ಹೊರಪದರವಾದ ಶಿಲಾಗೋಳದ ಕೆಳಗಿರುವ ಬಿಸಿಬಂಡೆಯು ಘನವೇ ಆಗಿದ್ದರೂ ಸಾವಿರಾರು ವರ್ಷಗಳ ಒತ್ತಡಕ್ಕೆ ನಿಧಾನವಾಗಿ ಹರಿಯುತ್ತದೆ. ಹಿಮಯುಗದ ದಪ್ಪ ಹಿಮಹಾಸು ಕರಗಿ ಹತ್ತು ಸಾವಿರ ವರ್ಷಗಳಾದರೂ ಸ್ವೀಡನ್ನಿನ ಉತ್ತರ ಕರಾವಳಿಯ ನೆಲ ಇಂದಿಗೂ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಮೇಲೇಳುತ್ತಿರುವುದು ಇದಕ್ಕೆ ಸಾಕ್ಷಿ.

ಬೇರಿನ ಕಲ್ಪನೆ ಹುಟ್ಟಿದ್ದು ನಮ್ಮ ದೇಶದ ಭೂಮಾಪನದಿಂದಲೇ. ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಕಾಲದ ಮೋಜಣಿಯಲ್ಲಿ ಹಿಮಾಲಯಕ್ಕೆ ಹತ್ತಿರದ ಕಲಿಯಾನಾ ಮತ್ತು ಅದರ ದಕ್ಷಿಣಕ್ಕಿರುವ ಕಲಿಯಾನ್‌ಪುರಗಳ ನಡುವಣ ಅಂತರವನ್ನು ನಕ್ಷತ್ರಗಳನ್ನು ನೋಡಿ ಲೆಕ್ಕ ಹಾಕಿದಾಗ ಒಂದು ಉತ್ತರ, ನೆಲದ ಮೇಲೆ ತ್ರಿಕೋನಗಳಿಂದ ಅಳೆದಾಗ ಇನ್ನೊಂದು ಉತ್ತರ ಬಂದಿತು, ವ್ಯತ್ಯಾಸ ಕೋನದ ಅಳತೆಯಲ್ಲಿ 5.236 ಸೆಕೆಂಡು, ಎಂದರೆ ನೆಲದ ಮೇಲೆ ಸುಮಾರು 160 ಮೀಟರ್. ಉಪಕರಣದಲ್ಲಿ ನೇರ ಕೆಳದಿಕ್ಕನ್ನು ತೋರುವ ತೂಕದ ಗುಂಡನ್ನು ಹಿಮಾಲಯವು ತನ್ನತ್ತ ಸೆಳೆದಿರಬೇಕೆಂದು ಊಹಿಸಿ ಕಲ್ಕತ್ತೆಯ ಪಾದ್ರಿ ಜಾನ್ ಹೆನ್ರಿ ಪ್ರಾಟ್ ಲೆಕ್ಕ ಮಾಡಿದರೆ, ಅಷ್ಟು ದೊಡ್ಡ ಪರ್ವತ ಆ ವ್ಯತ್ಯಾಸದ ಮೂರು ಪಟ್ಟು ಸೆಳೆಯಬೇಕಿತ್ತು! ಎತ್ತರದ ನೆಲದ ಕೆಳಗೆ ಹಗುರವಾದ ಬಂಡೆಯ ಬೇರು ಇರುವುದರಿಂದ ಸೆಳೆತ ಕಡಿಮೆಯಾಗಿದೆ ಎಂದು ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ 1855ರಲ್ಲಿ ವಿವರಿಸಿದರು. ಟಿಬೆಟ್ಟಿನ ಕೆಳಗೆ ಶಿಲಾಗೋಳದ ಮೇಲ್ಭಾಗವಾದ ಭೂತೊಗಟೆ ಸುಮಾರು 70 ಕಿಲೋಮೀಟರ್ ದಪ್ಪವಿರುವುದನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿದೆ.

ಆದರೆ ಮಂಜುಗಡ್ಡೆಯ ಹೋಲಿಕೆಯು ಪ್ರತಿ ಬೆಟ್ಟವೂ ತನ್ನ ಪಾಡಿಗೆ ತಾನು ತೇಲುತ್ತದೆ ಎಂಬ ತಪ್ಪು ಭಾವನೆಗೆ ಎಡೆಮಾಡುತ್ತದೆ. ನಾವು ಹೇಳದೆ ಬಿಟ್ಟದ್ದು ಶಿಲಾಗೋಳದ ಗಡಸುತನವನ್ನು. ನಾಟಿಗೆ ಹದಮಾಡಿದ ಕೆಸರುಗದ್ದೆಯಲ್ಲಿ ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುತ್ತದೆ. ಉದ್ದನೆಯ ಹಲಗೆ ಹಾಸಿ ಅದರ ಮೇಲೆ ನಿಂತರೆ ಹಲಗೆ ನಡುವೆ ತುಸು ಬಾಗಿ ಭಾರವನ್ನು ಉದ್ದಕ್ಕೂ ಹಂಚಿಕೊಳ್ಳುತ್ತದೆ. ಹಲಗೆ ದಪ್ಪವಾದಷ್ಟೂ ಬಾಗು ಕಡಿಮೆ, ಹರವು ಹೆಚ್ಚು. ಹಿಮಾಲಯವೆಂಬ ಭಾರದ ಕೆಳಗೆ ನುಗ್ಗುತ್ತಿರುವ ಭಾರತದ ಫಲಕ, ಎಂದರೆ ಭಾರತವನ್ನು ಹೊತ್ತ ಶಿಲಾಗೋಳದ ತುಂಡು, ಹೀಗೆಯೇ ಬಾಗಿದೆ. ಬಾಗಿದಲ್ಲಿ ಉಂಟಾದ ತಗ್ಗನ್ನು ನದಿಗಳು ಹೂಳಿನಿಂದ ತುಂಬಿದ್ದರಿಂದಲೇ ಗಂಗಾ ಬಯಲು ಮೂಡಿತು. ಪರ್ವತದ ಬುಡದಲ್ಲಿ ನಾಲ್ಕೈದು ಕಿಲೋಮೀಟರ್ ಆಳವಿರುವ ಆ ಹೂಳು ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತದೆ. ಬಯಲನ್ನು ನೋಡಿ ಪರ್ವತದ ತೂಕವನ್ನು ಅರಿಯಬಹುದೆಂಬುದು ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

ಇನ್ನು ಮುಳ್ಳಯ್ಯನಗಿರಿ. ಬಾಬಾಬುಡನ್‌ಗಿರಿ ಶ್ರೇಣಿಯ ಅಗಲ ಕೆಲವೇ ಹತ್ತು ಕಿಲೋಮೀಟರುಗಳು, ಅದನ್ನು ಹೊತ್ತಿರುವುದೋ 250 ಕೋಟಿ ವರ್ಷಗಳಿಗೂ ಹಳೆಯದಾದ, ತಣಿದು ಗಡುಸಾದ ನೆಲ. ಹಲಗೆಯ ಮೇಲಿಟ್ಟ ಒಂದು ಸೇರು ಭತ್ತದಂತೆ ಅದು ಅಲ್ಲಿ ಕುಳಿತಿದೆ. ಅದಕ್ಕಾಗಿ ಪ್ರತ್ಯೇಕ ಬೇರು ಬೇಕಾಗಿಲ್ಲ. ಇಲ್ಲಿ ತೊಗಟೆ ದಪ್ಪವಾಗಿದೆ ನಿಜ, ಆದರೆ ಹಾಸನದ ಕಡೆಯ ಬಯಲಿನ ಕೆಳಗೂ ಅದು ದಪ್ಪವಾಗಿಯೇ ಇದೆ.

ಆದರೂ ನಮ್ಮ ಸೀಮೆಯ ನೆಲ ಬಾಗಿಲ್ಲವೆನ್ನುವಂತಿಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಟ್ಟ ಬಳಿಕ, ಮಳೆ ಕೊರೆದ ಕಲ್ಲುಮಣ್ಣು ಕರಾವಳಿಯ ನೆಲವನ್ನು ಹಗುರಗೊಳಿಸಿ ಅರಬ್ಬೀ ಸಮುದ್ರದ ತಳವನ್ನು ಭಾರವಾಗಿಸಿತು. ಫಲಕ ಗಡುಸಾಗಿರುವುದರಿಂದ ಹಗುರಾದ ಭಾಗದೊಡನೆ ಘಟ್ಟದ ಅಂಚೂ ಮೇಲೆದ್ದು ಒಳನಾಡು ಪೂರ್ವಕ್ಕೆ ಓರೆಯಾಗಿದೆ ಎಂದು ಅನೇಕ ಭೂವಿಜ್ಞಾನಿಗಳು ವಿವರಿಸುತ್ತಾರೆ. ತಮ್ಮ ತಾಲ್ಲೂಕಿನಲ್ಲಿ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿಯು, ಸಮುದ್ರ ಪಡುವಣಕ್ಕೆ ಅಷ್ಟು ಹತ್ತಿರವಿದ್ದರೂ, ಅದಕ್ಕೆ ಬೆನ್ನುಹಾಕಿ ಸಕಲೇಶಪುರ, ಗೊರೂರುಗಳನ್ನು ಹಾದು ಕಾವೇರಿಯನ್ನು ಸೇರುವುದು ಆ ಓರೆಯನ್ನು ಹಿಡಿದೇ.

— ಸಂಪಾದಕ